ಟ್ಯೂಬಿಂಗನ್‌ನಲ್ಲಿ ಮೊದಲ ದಿನ, ಅದೂ ಭಾನುವಾರ

ಜರ್ಮನಿಗೆ ಒಬ್ಬಳೇ ಹೋಗುತ್ತೇನೆ ಅಂದಾಗ ಆಫೀಸಿನಲ್ಲಿ ಎಲ್ಲರೂ ಬರ್ಲಿನ್, ಮ್ಯೂನಿಕ್ ಅಂದರು. ನಾನು ಟ್ಯೂಬಿಂಗನ್ ಅಂದೆ. ಅದೆಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದೂ ಕಿಟೆಲ್ ಸಾಹೇಬರಿಂದ. ನನ್ನದು ಕರಡು ತಿದ್ದುವ ಕೆಲಸ. ಅವರ 1894ರ ನಿಘಂಟಿನ ಮರುಮುದ್ರಣ ಸದಾ ನನ್ನ ಮೇಜಿನ ಮೇಲೇ ಬಿದ್ದಿರುತ್ತದೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಆ ಪಾದ್ರಿ 1903ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ.

ಇನ್ನೊಂದು ಕಾರಣ ಬರೀ ಲೆಕ್ಕಾಚಾರದ್ದು. ಸುಮಾರು 90 ಸಾವಿರ ಜನರಿರುವ ಊರು. ದಾರಿ ತಪ್ಪಿದರೂ ಇಳಿಜಾರು ಹಿಡಿದು ನಡೆದರೆ ನೆಕಾರ್ ನದಿ ಸಿಕ್ಕೇ ಸಿಗುತ್ತದೆ. ಮೊದಲ ಸಲ ಒಬ್ಬರೇ ಹೋಗುವವರಿಗೆ ಇಂಥ ಊರೇ ವಾಸಿ.

ಒಂದೇ ಒಂದು ತಪ್ಪು ಮಾಡಿದ್ದೆ. ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತು ಅಂತ ಭಾನುವಾರ ಇಳಿಯುವ ಹಾಗೆ ಬುಕ್ ಮಾಡಿದ್ದೆ. ಜರ್ಮನಿಯಲ್ಲಿ ಭಾನುವಾರ ದಿನಸಿ ಅಂಗಡಿ, ಬಟ್ಟೆ ಅಂಗಡಿ ಎಲ್ಲ ಬಂದ್. ಸುಮ್ನೆ ಪದ್ಧತಿಯಲ್ಲ, ಭಾನುವಾರದ ವಿಶ್ರಾಂತಿಗೆ ರಕ್ಷಣೆ ಕೊಡುವ ಮಾತು 1919ರ ವೈಮರ್ ಸಂವಿಧಾನದಲ್ಲಿತ್ತು, ಈಗಿನ ಸಂವಿಧಾನವೂ ಅದನ್ನು ಹಾಗೇ ಉಳಿಸಿಕೊಂಡಿದೆ. ಇದೆಲ್ಲ ನಾನು ಓದಿದ್ದು ಟಿಕೆಟ್ ತೆಗೆದ ಮೇಲೆ.

ಹಾಗಾಗಿ ಬ್ಯಾಗಿನಲ್ಲಿ ಒಂದು ದಿನದ ಊಟ ಇಟ್ಟುಕೊಂಡೆ. ಅವಲಕ್ಕಿ, ಚಟ್ನಿಪುಡಿ, ಎರಡು ಪೊಟ್ಟಣ ಖಾಕ್ರಾ. ಅಮ್ಮ ತುಪ್ಪದ ಡಬ್ಬಿಯನ್ನೂ ಪೇಡವನ್ನೂ ತುರುಕಿದ್ದರು, ಅವನ್ನು ತೆಗೆಸಿದೆ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಯುರೋಪಿನಲ್ಲಿ ಬಿಡುವುದಿಲ್ಲ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಬೆಳಿಗ್ಗೆ. ಇಮಿಗ್ರೇಷನ್‌ನಲ್ಲಿ ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ ಅಂತ ಎರಡೇ ಪ್ರಶ್ನೆ. ರೂಮಿನ ಬುಕಿಂಗ್, ವಾಪಸ್ ಟಿಕೆಟ್, ವಿಮೆಯ ಕಾಗದ ಎಲ್ಲ ಪ್ರಿಂಟ್ ಹಾಕಿಸಿ ಕೈಯಲ್ಲೇ ಹಿಡಿದಿದ್ದೆ. ಅವರು ನೋಡಲಿಲ್ಲ, ಆದರೂ ಧೈರ್ಯಕ್ಕೆ ಇರಲಿ. ರೈಲು ನಿಲ್ದಾಣ ವಿಮಾನ ನಿಲ್ದಾಣಕ್ಕೇ ಅಂಟಿಕೊಂಡಿದೆ. ಇಲ್ಲಿ ನಾನು ಮಾಡಿದ ಒಂದು ಜಾಣತನ ಹೇಳಲೇಬೇಕು. ತುಂಬಾ ಮುಂಚೆ ಬುಕ್ ಮಾಡಿದರೆ ಅಗ್ಗದ ಟಿಕೆಟ್ ಸಿಗುತ್ತದೆ, ಆದರೆ ಅದು ಆ ಒಂದು ರೈಲಿಗೆ ಮಾತ್ರ. ವಿಮಾನ ತಡವಾದರೆ ದುಡ್ಡು ಹೋದ ಹಾಗೆ. ಜಾಸ್ತಿ ಕೊಟ್ಟು ಆ ದಿನ ಯಾವ ರೈಲಿಗಾದರೂ ಹತ್ತಬಹುದಾದ ಟಿಕೆಟ್ ತೆಗೆದಿದ್ದೆ. ವಿಮಾನ ಸರಿಯಾದ ಹೊತ್ತಿಗೇ ಬಂತು. ರೈಲು ತಡವಾಯಿತು.

ಸ್ಟುಟ್‌ಗಾರ್ಟ್‌ನಲ್ಲಿ ರೈಲು ಬದಲಿಸಬೇಕು. ಅಲ್ಲಿಂದ ಟ್ಯೂಬಿಂಗನ್ ಕಡೆಯ ರೈಲು ಎಸ್ಲಿಂಗನ್ ಊರಿನ ಮೇಲೆ ಹಾದು ಹೋಗುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲಿ. ಕಿಟಕಿಯಿಂದ ನೋಡೋಣ ಅಂದುಕೊಂಡಿದ್ದೆ, ಕಣ್ಣು ಬಿಡುವಷ್ಟರಲ್ಲಿ ಟ್ಯೂಬಿಂಗನ್ ಹತ್ತಿರದ ರಾಯ್ಟ್‌ಲಿಂಗನ್ ಬಂದಿತ್ತು.

ಟ್ಯೂಬಿಂಗನ್ ತಲುಪಿದಾಗ ಒಂದೂ ಮುಕ್ಕಾಲು. ರೂಮು ಸಿಗುವುದು ಮೂರಕ್ಕೆ. ಭಾನುವಾರವೂ ಬೇಕರಿಗಳು ಕೆಲವು ಗಂಟೆ ತೆಗೆದಿರುತ್ತವೆ. ಒಂದರಲ್ಲಿ ಕಾಫಿ ತೊಗೊಂಡೆ, ನಡೆಯುತ್ತಾ ಕುಡಿಯೋಣ ಅಂತ ಕಾಗದದ ಲೋಟದಲ್ಲಿ. ಬಿಲ್ಲಿನಲ್ಲಿ 50 ಸೆಂಟ್ ಜಾಸ್ತಿ. ಕೇಳಿದರೆ ಲೋಟದ ತೆರಿಗೆಯಂತೆ. ಈ ಊರು 2022ರಿಂದ ಬಿಸಾಡುವ ಲೋಟ, ತಟ್ಟೆಗಳ ಮೇಲೆ ತನ್ನದೇ ತೆರಿಗೆ ಹಾಕಿದೆ. ಅದರ ವಿರುದ್ಧದ ಮೊಕದ್ದಮೆ ಅಲ್ಲಿನ ಸಂವಿಧಾನ ನ್ಯಾಯಾಲಯದವರೆಗೂ ಹೋಗಿ, 2025ರ ಜನವರಿಯಲ್ಲಿ ಪ್ರಕಟವಾದ ತೀರ್ಪಿನಲ್ಲಿ ಊರೇ ಗೆದ್ದಿತು. ಅಲ್ಲೇ ಕೂತು ಪಿಂಗಾಣಿ ಕಪ್ಪಿನಲ್ಲಿ ಕುಡಿದಿದ್ದರೆ ಆ 50 ಸೆಂಟ್ ಉಳಿಯುತ್ತಿತ್ತು. ಹೇಗೂ ನನಗೆ ಮಾಡಲು ಬೇರೆ ಕೆಲಸ ಇರಲಿಲ್ಲ.

ನಾನು ಹಿಡಿದ ರೂಮಿಗೆ ರಿಸೆಪ್ಷನ್ ಇಲ್ಲ. ಬಾಗಿಲ ಪಕ್ಕ ಸಣ್ಣ ಪೆಟ್ಟಿಗೆ. ಇಮೇಲಿನಲ್ಲಿ ಬಂದ ನಂಬರ್ ತಿರುಗಿಸಿದರೆ ಒಳಗೆ ಕೀ. ಆ ಇಮೇಲನ್ನು ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡದ್ದು ಒಳ್ಳೆಯದಾಯಿತು, ಫೋನಿಗೆ ಆಗ ನೆಟ್‌ವರ್ಕ್ ಇರಲಿಲ್ಲ.

ರೂಮಿಗೆ ಹೋದವಳೇ ಕಿಟಕಿ ತೆಗೆಯಲು ಹಿಡಿಯನ್ನು ಮೇಲಕ್ಕೆ ತಿರುಗಿಸಿದೆ. ಇಡೀ ಕಿಟಕಿ ಮೇಲಿನಿಂದ ನನ್ನ ಮೇಲೆ ವಾಲಿತು! ಮುರಿದೇ ಹೋಯಿತು ಅಂತ ಎರಡೂ ಕೈಯಲ್ಲಿ ತಬ್ಬಿ ನಿಂತೆ. ಮುರಿದಿರಲಿಲ್ಲ. ಅಲ್ಲಿನ ಕಿಟಕಿಗೆ ಮೂರು ಸ್ಥಿತಿ. ಹಿಡಿ ಕೆಳಗಿದ್ದರೆ ಭದ್ರ. ಅಡ್ಡಕ್ಕೆ ತಿರುಗಿಸಿದರೆ ಬಾಗಿಲ ಹಾಗೆ ಪೂರ್ತಿ ತೆರೆಯುತ್ತದೆ. ಮೇಲಕ್ಕೆ ತಿರುಗಿಸಿದರೆ ತಲೆಯ ಕಡೆ ಒಂದು ಗೇಣು ಒಳಕ್ಕೆ ವಾಲಿ ಗಾಳಿ ಬಿಡುತ್ತದೆ. ಇಷ್ಟು ಗೊತ್ತಾಗಲು ಹತ್ತು ನಿಮಿಷ ಹಿಡಿಯಿತು.

ಕಿಟಕಿಯಿಂದ ಪಾರಾದೆ, ಬಾಗಿಲು ಬಿಡಲಿಲ್ಲ. ಮೆಟ್ಟಿಲ ಹತ್ತಿರದ ಲೈಟು ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಸ್ವಿಚ್ ಎಲ್ಲಿದೆ ನೋಡೋಣ ಅಂತ ಎರಡು ಹೆಜ್ಜೆ ಹೊರಗೆ ಬಂದೆ. ಹಿಂದೆ ಟಕ್ ಅಂತ ಸದ್ದು. ಆ ಬಾಗಿಲುಗಳಿಗೆ ಹೊರಗಡೆ ತಿರುಗದ ಗುಂಡು ಹಿಡಿ ಮಾತ್ರ, ಎಳೆದರೆ ಸಾಕು ತಾನೇ ಲಾಕ್ ಆಗುತ್ತದೆ. ಕೀ ಒಳಗೆ, ಚಪ್ಪಲಿ ಒಳಗೆ. ಪುಣ್ಯಕ್ಕೆ ಫೋನ್ ಕೈಯಲ್ಲಿತ್ತು, ನೆಟ್‌ವರ್ಕ್ ಮಾತ್ರ ಇನ್ನೂ ಇಲ್ಲ.

ಕೆಳಮನೆಯ ಬೆಲ್ ಒತ್ತಿದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತೆರೆದರು. ನನ್ನ ಕಾಲುಚೀಲ ನೋಡಿದರು, ಮೇಲೆ ನೋಡಿದರು, ‘ಆಹ್ ಸೋ’ ಅಂದರು. ನಾನೇ ಮೊದಲಿನವಳಲ್ಲ ಅಂತ ಆ ಎರಡು ಅಕ್ಷರದಲ್ಲೇ ಗೊತ್ತಾಯಿತು. ಅವರೇ ಮಾಲೀಕರಿಗೆ ಫೋನ್ ಮಾಡಿದರು. ನಲವತ್ತು ನಿಮಿಷ ನಾನು ಅಡುಗೆಮನೆಯ ಕುರ್ಚಿಯ ಮೇಲೆ. ಭಾಷೆ ಇಲ್ಲ. ಅವರು ನಲ್ಲಿ ನೀರು ಹಿಡಿದು ಕೊಟ್ಟರು, ನಾನು ಮೊದಲು ಅನುಮಾನಿಸಿ ಆಮೇಲೆ ಕುಡಿದೆ. ಅಲ್ಲಿ ನಲ್ಲಿ ನೀರೇ ಕುಡಿಯುವ ನೀರು. ಸ್ಟೇಷನ್ನಿನಲ್ಲಿ ನಾನು ಬಾಟಲಿ ಕೊಂಡು, ಅದಕ್ಕೆ 25 ಸೆಂಟ್ ಠೇವಣಿ ಬೇರೆ ಕಟ್ಟಿ ಬಂದಿದ್ದೆ! ಮಾಲೀಕರು ಬಂದರು, ಬೇರೆ ಕೀಯಿಂದ ತೆರೆದರು, ದುಡ್ಡು ತೊಗೊಳ್ಳಲಿಲ್ಲ. ಭಾನುವಾರ ಬೀಗ ತೆರೆಯುವವರನ್ನು ಕರೆಸಿದ್ದರೆ ನನ್ನ ನಾಲ್ಕು ದಿನದ ಊಟದ ದುಡ್ಡು ಹೋಗುತ್ತಿತ್ತೇನೋ. ಆಮೇಲೆ ಊರು ಬಿಡುವವರೆಗೂ ಕೀಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೆ, ಸ್ಕೂಲ್ ಮಕ್ಕಳ ಐಡಿ ಕಾರ್ಡಿನ ಹಾಗೆ.

ಆರು ಗಂಟೆಗೆ ನೆಕಾರ್ ಸೇತುವೆ ಮೇಲೆ ನಿಂತೆ. ನೆಟ್‌ವರ್ಕ್ ಬಂದಿತ್ತು. ನಮ್ಮಲ್ಲಿ ಆಗ ರಾತ್ರಿ ಒಂಬತ್ತೂವರೆ, ಅಮ್ಮ ಕಾಯುತ್ತಿದ್ದರು.

‘ಊಟ ಆಯ್ತಾ?’

‘ಇಲ್ಲಮ್ಮ, ಅಂಗಡಿ ಎಲ್ಲ ಮುಚ್ಚಿದೆ.’

‘ಯಾಕೆ, ಹಬ್ಬಾನಾ?’

‘ಅಲ್ಲ, ಭಾನುವಾರ.’

‘ಭಾನುವಾರ ಮುಚ್ಚಿದ್ರೆ ಕೆಲಸಕ್ಕೆ ಹೋಗೋರು ಸಾಮಾನು ಯಾವತ್ತು ತರ್ತಾರೆ?’

ಬಾಗಿಲ ವಿಷಯ ಹೇಳಲಿಲ್ಲ.

ಸೇತುವೆಯಿಂದ ಕೆಳಗೆ ನೋಡಿದರೆ ಉದ್ದನೆಯ ಚಪ್ಪಟೆ ದೋಣಿಗಳು. ಹಿಂದೆ ನಿಂತವರು ಉದ್ದ ಕೋಲಿನಿಂದ ನದಿಯ ತಳ ಒತ್ತಿ ನಡೆಸುತ್ತಾರೆ, ನಮ್ಮ ಕಡೆ ಜಲ್ಲೆ ಹಾಕುವ ಹಾಗೆಯೇ. ದಡದಲ್ಲಿ ಹಳದಿ ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸು ಕದಡಿದ ಮೇಲೆ ಒಬ್ಬ ಬಡಗಿಯ ಆಶ್ರಯದಲ್ಲಿ 36 ವರ್ಷ ಬದುಕಿದ್ದು ಅಲ್ಲಿ. ಅವರು ಸತ್ತದ್ದು 1843ರ ಜೂನ್ 7ಕ್ಕೆ. ‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಬಂದದ್ದು ಅದೇ ವರ್ಷ ಜುಲೈ 1ಕ್ಕೆ. ಮೊಗ್ಲಿಂಗ್ ಇದೇ ಊರಿನಲ್ಲಿ ದೇವಶಾಸ್ತ್ರ ಓದುತ್ತಿದ್ದಾಗ ಹೋಲ್ಡರ್ಲಿನ್ ಆ ಗೋಪುರದಲ್ಲೇ ಇದ್ದರು. ಒಬ್ಬರನ್ನೊಬ್ಬರು ನೋಡಿರಬಹುದಾ ಅಂತ ಯೋಚಿಸುತ್ತಾ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ನೋಡಬೇಕಾದ ಜಾಗಗಳ ಪಟ್ಟಿ ಅಂದು ತೆರೆಯಲೇ ಇಲ್ಲ. ನಿದ್ದೆಗಣ್ಣಿನಲ್ಲಿ ಕೋಟೆ ಹತ್ತಿ ಏನು ಪ್ರಯೋಜನ? ಹಳೇ ಊರಿನ ಕಲ್ಲುಹಾಸಿನ ಬೀದಿಗಳಲ್ಲಿ ಸುಮ್ನೆ ಅಡ್ಡಾಡಿದೆ. ಒಂದು ಮನೆಯ ಗೋಡೆಯಲ್ಲಿ ಜರ್ಮನ್ ಕವಿ ಗಯಟೆ ಇಲ್ಲಿ ತಂಗಿದ್ದರು ಅಂತ ಫಲಕ. ಪಕ್ಕದ ಮನೆಯಲ್ಲಿ ಇನ್ನೊಂದು, ಗಯಟೆ ವಾಂತಿ ಮಾಡಿದ್ದು ಇಲ್ಲಿ ಅಂತ. ವಿದ್ಯಾರ್ಥಿಗಳ ತರಲೆ. 1477ರ ವಿಶ್ವವಿದ್ಯಾಲಯ ಇರುವ ಊರಲ್ಲಿ ಇಷ್ಟಾದರೂ ಬೇಡವಾ?

ಹೋಟೆಲುಗಳಿಗೆ ಭಾನುವಾರದ ಕಟ್ಟು ಇಲ್ಲ. ಒಂದರ ಹೊರಗೆ ಕೂತೆ. ಮೆನುವಿನಲ್ಲಿ ಮೌಲ್‌ಟಾಶನ್ ಅಂತ ಇತ್ತು, ನೋಡಲು ಕಡುಬು, ಒಳಗೆ ಸಾಮಾನ್ಯವಾಗಿ ಮಾಂಸ. ಉಪವಾಸದ ದಿನ ದೇವರಿಗೆ ಕಾಣದಿರಲಿ ಅಂತ ಮಾಂಸವನ್ನು ಹಿಟ್ಟಿನಲ್ಲಿ ಮುಚ್ಚಿದರಂತೆ, ಅದಕ್ಕೇ ಅದಕ್ಕೆ ದೇವರಿಗೆ ಟೋಪಿ ಹಾಕುವ ತಿಂಡಿ ಅನ್ನುವ ಅಡ್ಡಹೆಸರು. ನಾನು ಸಸ್ಯಾಹಾರಿ, ಕೇಸೆ ಶ್ಪೆಟ್ಸ್‌ಲೆ ಹೇಳಿದೆ. ಶಾವಿಗೆ ಒತ್ತಿದ ಹಾಗೆ ಹಿಟ್ಟನ್ನು ಕುದಿವ ನೀರಿಗೆ ಒತ್ತಿ ತೆಗೆದು, ಚೀಸು ಕರಗಿಸಿ, ಮೇಲೆ ಕರಿದ ಈರುಳ್ಳಿ. ಖಾರ ಅನ್ನುವುದೇ ಇಲ್ಲ. ಚೀಲದಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡೆ, ಯಾರೂ ನೋಡಲಿಲ್ಲ.

ನೀರು ಅಂತ ಮಾತ್ರ ಹೇಳಿದರೆ ಸೋಡಾ ಬರುತ್ತದೆ. ಬಂತು. ಬಿಲ್ಲು ಅಲ್ಲಿ ನಾವೇ ಕೇಳಬೇಕು, ಕೇಳಿದರೆ ಬಡಿಸಿದವರೇ ಕಪ್ಪು ಪರ್ಸ್ ಹಿಡಿದು ಬಂದು ಮೇಜಿನ ಹತ್ತಿರ ನಿಲ್ಲುತ್ತಾರೆ. ಟಿಪ್ಸ್ ಸೇರಿಸಿ ಒಟ್ಟು ಎಷ್ಟು ಅಂತ ನಾವೇ ಹೇಳಬೇಕು. 14 ಯೂರೋ 60 ಆಗಿತ್ತು, ‘ಹದಿನಾರು’ ಅಂದೆ. ಕಾರ್ಡ್ ತೊಗೊಳ್ಳುವುದಿಲ್ಲ ಅಂದರು. ಏರ್‌ಪೋರ್ಟಿನಲ್ಲಿ ತೆಗೆದ ನೋಟುಗಳು ಆಗ ಉಪಯೋಗಕ್ಕೆ ಬಂದವು.

ಒಂಬತ್ತೂವರೆಗೂ ಬೆಳಕಿತ್ತು. ಜೂನ್ ತಿಂಗಳು. ರೂಮಿಗೆ ಬಂದು ಕೊರಳಿನ ಕೀ ತೆಗೆಯದೆ ಮಲಗಿದೆ. ಮೊದಲು ಕಿಟಕಿಯ ಹಿಡಿಯನ್ನು ಮೇಲಕ್ಕೆ ತಿರುಗಿಸಿದೆ, ಗೇಣಷ್ಟು ವಾಲಿತು. ಚರ್ಚಿನ ಗಂಟೆ ಒಳಗೆ ಬಂತು. ಬಾಗಿಲ ಹತ್ತಿರ ಖಾಲಿ ಬಾಟಲಿ ನಿಲ್ಲಿಸಿಟ್ಟಿದ್ದೆ, ಸೋಮವಾರ ಅಂಗಡಿ ತೆರೆದ ಕೂಡಲೇ ಆ 25 ಸೆಂಟ್ ವಾಪಸ್ ತೊಗೊಳ್ಳಬೇಕಿತ್ತು.