ಹಡಗಿನಲ್ಲಿ ನೀರು ಕಳಿಸುತ್ತಿದ್ದೆವು

ಬಣ್ಣದ ಡಬ್ಬದಲ್ಲಿ ಬಣ್ಣದ ಪುಡಿ ತಳಕ್ಕೆ ಇಳಿದು ಗಟ್ಟಿಯಾಗದಂತೆ ನೋಡಿಕೊಳ್ಳುವ ರಾಸಾಯನಿಕಕ್ಕೆ ಡಿಸ್ಪರ್ಸೆಂಟ್ ಎನ್ನುತ್ತೇವೆ. ಅದನ್ನು ಯಾವ ದೇಶದ ಯಾವ ಘಟಕದಲ್ಲಿ ತಯಾರಿಸಿ ಎಲ್ಲಿಗೆ ಕಳಿಸಬೇಕು ಎಂದು ಗೊತ್ತುಮಾಡುವುದು ಹಲವು ವರ್ಷ ನನ್ನ ಕೆಲಸವಾಗಿತ್ತು. ಘಟಕಗಳು ಮೂರು: ಒಂದು ಜರ್ಮನಿಯ ರೈನ್ ದಂಡೆಯಲ್ಲಿ, ಒಂದು ಚೀನಾದ ಜಿಯಾಂಗ್ಸುವಿನಲ್ಲಿ, ಇನ್ನೊಂದು ಗುಜರಾತಿನ ಭರೂಚ್ ಜಿಲ್ಲೆಯಲ್ಲಿ.

ಮೊದಲ ಸಲ ಲೆಕ್ಕ ಹಾಕಿದಾಗ ಬಂದ ಉತ್ತರ: ಎಲ್ಲವನ್ನೂ ಜರ್ಮನಿಗೇ ಕೊಡಿ. ನಮ್ಮ ಉದ್ಯಮದಲ್ಲಿ ಘಟಕದ ಸಾಮರ್ಥ್ಯ ದುಪ್ಪಟ್ಟಾದರೆ ಬಂಡವಾಳ ಸುಮಾರು ಒಂದೂವರೆ ಪಟ್ಟು ಏರುತ್ತದೆ, ಅಷ್ಟೇ. ಹಾಗಾಗಿ ಇಂಥ ಲೆಕ್ಕ ದೊಡ್ಡ ಘಟಕದ ಕಡೆಗೇ ವಾಲುತ್ತದೆ. ಆದರೆ ನಾನು ಒಂದು ಉತ್ಪನ್ನವನ್ನು ಒಂದೇ ತುಂಡು ಎಂದು ಹಿಡಿದಿದ್ದೆ. ಅದನ್ನು ಹಂತಹಂತವಾಗಿ ಬಿಡಿಸಿಟ್ಟಾಗ ಚಿತ್ರವೇ ಬದಲಾಯಿತು.

ಮೊದಲ ಹಂತಕ್ಕೆ ಎಥಿಲೀನ್ ಆಕ್ಸೈಡ್ ಬೇಕು. ಅದು 10.7 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಬೆಂಕಿ ಹಿಡಿಯುತ್ತದೆ, ವಿಷಕಾರಿಯೂ ಹೌದು. ದೂರ ಸಾಗಿಸುವ ಬದಲು, ಅದು ತಯಾರಾಗುವ ಜಾಗದ ಪಕ್ಕದಲ್ಲೇ ನಮ್ಮ ರಿಯಾಕ್ಟರ್, ಅಂದರೆ ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆ, ಇಡುವುದು ವಾಸಿ. ಕೊನೆಯ ಹಂತ ನೀರು ಬೆರೆಸುವುದು, ಅದರದ್ದು ಇದಕ್ಕೆ ತದ್ವಿರುದ್ಧ ಕಥೆ. ನಮ್ಮ ಮುಖ್ಯ ಗ್ರೇಡಿನಲ್ಲಿ 100 ಕಿಲೋಗೆ 60 ಕಿಲೋ ನೀರು. 20 ಅಡಿಯ ಕಂಟೇನರಿಗೆ ಸಾವಿರ ಲೀಟರಿನ 18 ಟ್ಯಾಂಕ್ ಹಿಡಿಸಿದರೆ, ಸುಮಾರು 11 ಟನ್ ನೀರಿಗೆ ಹಡಗಿನ ಬಾಡಿಗೆ ಕಟ್ಟಿದಂತಾಯಿತು! ಸಾಲದ್ದಕ್ಕೆ ಬಿಸಿಲಲ್ಲಿ ಆ ನೀರಿಗೆ ಬ್ಯಾಕ್ಟೀರಿಯಾ ಹತ್ತುತ್ತದೆ, ಯೂರೋಪಿನ ಚಳಿಗೆ ಹೆಪ್ಪುಗಟ್ಟುತ್ತದೆ. ನೀರು ಬೆರೆಸುವ ಕೆಲಸ ಗ್ರಾಹಕರ ಹತ್ತಿರವೇ ಆಗಬೇಕು. ಅದಕ್ಕೆ ದೊಡ್ಡ ಬಂಡವಾಳವೂ ಬೇಡ: ಕಲಕುವ ಟ್ಯಾಂಕು, ಖನಿಜ ತೆಗೆದ ನೀರು, ಡ್ರಮ್ಮುಗಳಲ್ಲಿ ಮೇಣದಂತೆ ಗಟ್ಟಿಯಾಗಿ ಬಂದ ಮಾಲನ್ನು ಕರಗಿಸಲು ಒಂದು ಬಿಸಿಕೋಣೆ.

ಉಳಿದದ್ದು ನಡುವಿನ ಹಂತ, ಪಾಲಿಮರ್ ಕಟ್ಟುವುದು. ಅದನ್ನು ಎಲ್ಲಿ ಬೇಕಾದರೂ ಮಾಡಬಹುದಿತ್ತು, ನಾವು ಜರ್ಮನಿಯಲ್ಲಿ ಮಾತ್ರ ಮಾಡುತ್ತಿದ್ದೆವು. 2018ರ ಅಕ್ಟೋಬರಿನಲ್ಲಿ ರೈನ್ ನದಿ ಬತ್ತಿ, ಅದರ ದಂಡೆಯ ಕೌಬ್ ಎಂಬ ಊರಿನ ನೀರಿನ ಮಟ್ಟದ ಮಾಪಕ 25 ಸೆಂಟಿಮೀಟರಿಗೆ ಇಳಿಯಿತು. ನದಿಯ ಆಳ ಮಾಪಕದ ಅಂಕಿಗಿಂತ ಹೆಚ್ಚೇ ಇರುತ್ತದೆ, ಆದರೂ ದೋಣಿಗಳು ಅರ್ಧಕ್ಕಿಂತ ಕಡಿಮೆ ಸರಕು ಹೊತ್ತು ಓಡಾಡಿದವು. ಕಚ್ಚಾಮಾಲು ತಡವಾಯಿತು, ನಮ್ಮ ಮೂರೂ ಖಂಡಗಳ ಗ್ರಾಹಕರು ಒಟ್ಟಿಗೇ ಫೋನ್ ಮಾಡತೊಡಗಿದರು. 2012ರಲ್ಲಿ ಜರ್ಮನಿಯ ಮಾರ್ಲ್‌ನಲ್ಲಿ ಒಂದು ಘಟಕ ಸ್ಫೋಟಗೊಂಡು, ಕಾರುಗಳ ಇಂಧನ ಕೊಳವೆಗೆ ಬೇಕಾದ ನೈಲಾನ್ 12 ಜಗತ್ತಿಗೇ ಕೊರತೆಯಾದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮ ನಕ್ಷೆಯಲ್ಲಿ ಅಂಥದೇ ಒಂಟಿ ಚುಕ್ಕೆಯನ್ನು ಬಿಟ್ಟುಕೊಂಡಿದ್ದೆ. ಆ ಚಳಿಗಾಲದಲ್ಲೇ ನಡುವಿನ ಹಂತವನ್ನು ಭರೂಚ್‌ಗೂ ಕೊಡಲು ತೀರ್ಮಾನಿಸಿದೆವು.

ರಿಯಾಕ್ಟರ್ ಕೂರಿಸಿದ್ದು ಈ ಕೆಲಸದ ಸುಲಭದ ಭಾಗ. ಅದೇ ಮಾಲು ಬೇರೆ ಘಟಕದಿಂದ ಬಂದರೆ ಬಣ್ಣದ ಕಂಪನಿಯವರು ಹೊಸ ಮಾಲೆಂದೇ ಲೆಕ್ಕ ಹಾಕುತ್ತಾರೆ. ಅವರ ಒಪ್ಪಿಗೆಗೆ ಕೆಲವೊಮ್ಮೆ ವರ್ಷ ದಾಟುತ್ತದೆ. ಭರೂಚ್‌ನ ಮೊದಲ ಬ್ಯಾಚು ನಮ್ಮ ಪ್ರಯೋಗಾಲಯದ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಎರಡು ವಾರದ ಮೇಲೆ ಗ್ರಾಹಕರು ಬಣ್ಣ ಬಳಿದ ಒಂದು ತಗಡು ಕಳಿಸಿದರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಸಾಸಿವೆ ಕಾಳಿನಷ್ಟು ಗುಂಡನೆಯ ಗುಳಿಗಳು, ಪ್ರತಿ ಗುಳಿಯ ನಡುವೆ ಬರಿಯ ಲೋಹ. ಫಿಶ್ ಐ.

ಫಿಶ್ ಐ ಎಂದರೆ ಬಹುಪಾಲು ಸಿಲಿಕೋನಿನ ಕೆಲಸ, ಆದರೆ ಆ ಲೈನಿನಲ್ಲಿ ಸಿಲಿಕೋನ್ ಓಡಿಸಿಯೇ ಇರಲಿಲ್ಲ. ಮೂರು ದಿನ ಲಾಗ್‌ಬುಕ್ ತಿರುವಿ ಹಾಕಿದೆ. ಕೊನೆಗೆ ದಾರಿ ತೋರಿದವರು ಅಂಕೋಲಾ ಕಡೆಯ ಹಿರಿಯ ಆಪರೇಟರ್.

"ಸಾರ್, ಕೆಳಗಿನ ವಾಲ್ವ್ ಬಿಚ್ಚಿ ಕೂರಿಸಿದ್ರಲ್ಲ, ಆಗ ಹಚ್ಚಿದ ಗ್ರೀಸ್ ಯಾವುದು ಕೇಳಿದ್ರಾ?"

ಕೇಳಿರಲಿಲ್ಲ. ನೋಡಿದರೆ ಸಿಲಿಕೋನ್ ಗ್ರೀಸ್! ಒಂದು ಬೆರಳಿನಷ್ಟು ಗ್ರೀಸ್ ಇಡೀ ಬ್ಯಾಚನ್ನು ಕೆಡಿಸಿತ್ತು. ವಾಲ್ವ್ ಬದಲಿಸಿದೆವು, ಕೊಳವೆಗಳನ್ನು ದ್ರಾವಕದಿಂದ ತೊಳೆದೆವು, ಸ್ಟೋರಿನಿಂದಲೇ ಆ ಗ್ರೀಸನ್ನು ಹೊರಹಾಕಿಸಿದೆವು. ಗ್ರಾಹಕರ ಪರೀಕ್ಷೆ ಮತ್ತೆ ಮೊದಲಿನಿಂದ ಶುರು.

ಅಂದಿನಿಂದ ನನ್ನ ಲೆಕ್ಕದ ಹಾಳೆಗೆ ಎರಡು ಹೊಸ ಕಾಲಂ ಸೇರಿದವು: ಗ್ರಾಹಕರ ಒಪ್ಪಿಗೆಗೆ ಹಿಡಿಯುವ ತಿಂಗಳು, ಮತ್ತು ಆ ಲೈನಿಗೆ ಏನೇನು ತಾಗುತ್ತದೆ ಎಂಬುದು. ಸುಂಕ, ಬಾಡಿಗೆಯ ಕಾಲಂಗಳು ಅವುಗಳ ನಂತರ. ಒಪ್ಪಿಗೆ ಬಾರದ ಗ್ರೇಡುಗಳಿಗೆ ಮೂರು ತಿಂಗಳ ದಾಸ್ತಾನು ಇಟ್ಟುಕೊಂಡೆವು, ಅದೂ ನೀರಿಲ್ಲದ ರೂಪದಲ್ಲಿ, ಬಿಸಿಕೋಣೆಯ ಪಕ್ಕದ ಗೋದಾಮಿನಲ್ಲಿ.