ಜಕ್ಕೂರು ಏರೋಡ್ರೋಮ್ ನೋಡಲು ಹೋಗುವ ಮುನ್ನ

ಬೆಂಗಳೂರಿನ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಬಲಗಡೆ ಪುಟ್ಟ ವಿಮಾನಗಳು ಕಾಣುತ್ತವೆ, ಅಲ್ವಾ? ಅದೇ ಜಕ್ಕೂರು. ಜಯಚಾಮರಾಜೇಂದ್ರ ಒಡೆಯರ್ ಕೊಟ್ಟ ಜಾಗದಲ್ಲಿ, ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶುರುವಾದ ಸರ್ಕಾರಿ ವಿಮಾನ ತರಬೇತಿ ಶಾಲೆ ಇಲ್ಲಿದೆ. ಏರ್ ಡೆಕ್ಕನ್ ಖ್ಯಾತಿಯ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಶುರು ಮಾಡಿದ್ದೂ ಇಲ್ಲೇ.

ಸುಮ್ನೆ ಗೇಟಿಗೆ ಹೋಗಿ ನಿಲ್ಲಬೇಡಿ, ಮೊದಲೇ ಫೋನ್ ಮಾಡಿ ಕೇಳಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ಡ್ರೋನ್ ಮನೆಯಲ್ಲೇ ಇರಲಿ.

ಬೆಳಗ್ಗೆ ಹೋದರೆ ಒಳ್ಳೆಯದು. ಬಿಸಿಲೇರಿದಂತೆ ನೆಲ ಕಾದು ಗಾಳಿ ಕುಲುಕುತ್ತದೆ, ಹಗುರ ವಿಮಾನಗಳಿಗೆ ಅದು ಕಷ್ಟ. ಮೊದಲು ಗಾಳಿಚೀಲ ಹುಡುಕಿ, ಅಂದರೆ ಕಂಬಕ್ಕೆ ಕಟ್ಟಿದ ಉದ್ದನೆಯ ಬಟ್ಟೆ ಚೀಲ. ಅಗಲದ ಬಾಯಿಂದ ಗಾಳಿ ಒಳಹೊಕ್ಕು ಬಾಲ ಚಾಚುತ್ತದೆ. ಬಾಲ ಪಶ್ಚಿಮಕ್ಕಿದ್ದರೆ ಗಾಳಿ ಪೂರ್ವದಿಂದ ಬರುತ್ತಿದೆ ಎಂದರ್ಥ, ವಿಮಾನ ಗಾಳಿಗೆ ಎದುರಾಗಿ ಪೂರ್ವಕ್ಕೇ ಏರುತ್ತದೆ. ರನ್‌ವೇ ಮೇಲಿನ 08 ಅಂದರೆ ದಿಕ್ಸೂಚಿಯ ಸುಮಾರು 80 ಡಿಗ್ರಿ. ಇದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಮುಂದಿನ ವಿಮಾನ ಯಾವ ಕಡೆ ಹಾರುತ್ತದೆ ಅಂತ ಅವರೇ ಪಂದ್ಯ ಕಟ್ಟುತ್ತಾರೆ.

ಕಲಿಯುವ ಆಸೆಯಿದ್ದರೆ, ವಿದ್ಯಾರ್ಥಿ ಲೈಸೆನ್ಸಿಗೆ 16 ವರ್ಷ ತುಂಬಿ ಹತ್ತನೇ ಕ್ಲಾಸ್ ಪಾಸಾಗಿರಬೇಕು. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಫೀಸ್ ಕಟ್ಟುವ ಮೊದಲೇ ಮೆಡಿಕಲ್ ಮಾಡಿಸಿಬಿಡಿ.