ಲಿವರ್ ರೈಫಲ್ ಆರಿಸುವುದು, ಅದಕ್ಕೆ ಮನೆಯಲ್ಲೇ ತೋಟಾ ತುಂಬುವುದು

ಅಮೆರಿಕದ ಪೆನ್ಸಿಲ್ವೇನಿಯಾ, ಮಿಷಿಗನ್ ಕಡೆ ನವೆಂಬರ್ ಬಂತೆಂದರೆ ಆಫೀಸಿನಲ್ಲಿ ಒಂದಷ್ಟು ಕುರ್ಚಿಗಳು ಖಾಲಿ. ಬಿಳಿಬಾಲದ ಜಿಂಕೆಯ ಬೇಟೆಯ ಕಾಲ ಅದು. ಅಲ್ಲಿ ನೆಲೆಸಿದ ಕನ್ನಡಿಗರಿಗೂ ಸಹೋದ್ಯೋಗಿಗಳಿಂದ 'ನೀನೂ ಬಾ' ಎಂಬ ಕರೆ ಬರುತ್ತದೆ. ಹೋಗಬೇಕು ಅನ್ನಿಸಿದವರಿಗೆ, ಅದರಲ್ಲೂ ಹಳೆಯ ಲಿವರ್ ರೈಫಲ್ (ಟ್ರಿಗರ್ ಕೆಳಗಿನ ಸನ್ನೆ ಎಳೆದು ತೋಟಾ ಏರಿಸುವ ಬಂದೂಕು) ಕಂಡು ಮನಸ್ಸು ಸೋತವರಿಗೆ ಈ ಲೇಖನ. ನಮ್ಮೂರಿಗೆ ಇದು ಅನ್ವಯಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಜಿಂಕೆ ಶಿಕಾರಿ ಅಂದರೆ ಜೈಲು.

ಮೊದಲು ವೀಸಾ ನೋಡಿಕೊಳ್ಳಿ

ಎಚ್-1ಬಿಯಂಥ ವೀಸಾದಲ್ಲಿ ಹೋದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳಬಾರದು ಎನ್ನುತ್ತದೆ ಅಮೆರಿಕದ ಫೆಡರಲ್ ಕಾನೂನು. ಇದಕ್ಕೆ ಕೆಲವು ವಿನಾಯಿತಿಗಳಿವೆ. ಸಾಮಾನ್ಯ ಜನಕ್ಕೆ ಅನುಕೂಲವಾಗುವುದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದು ಕೈಗೆ ಬರುವ ಮುಂಚೆ ಸ್ನೇಹಿತನ ರೈಫಲ್ಲನ್ನು 'ಸುಮ್ನೆ ನೋಡ್ತೀನಿ' ಅಂತ ಮನೆಗೆ ತಂದಿಟ್ಟುಕೊಳ್ಳಬೇಡಿ. ಲೈಸೆನ್ಸಿಗೆ ಸಾಮಾನ್ಯವಾಗಿ ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧವಿಲ್ಲ. ಇದರ ಮೇಲೆ ಒಂದೊಂದು ರಾಜ್ಯದ್ದೂ ಒಂದೊಂದು ನಿಯಮ. ಅದನ್ನು ಓದಿಕೊಂಡೇ ಮುಂದೆ ಹೋಗಿ.

ಯಾವ ರೈಫಲ್?

ನಾನು ಹೇಳಹೊರಟಿರುವುದು ಮಧ್ಯಮ ಬೋರ್‌ನ ರೈಫಲ್ ಬಗ್ಗೆ. ಮಧ್ಯಮ ಬೋರ್ ಅಂದರೆ ಸುಮಾರು .33 ಇಂಚಿನಿಂದ .375 ಇಂಚಿನವರೆಗಿನ ಗುಂಡು ಹಾರಿಸುವ ನಳಿಗೆ. ಈ ಗುಂಪಿನಲ್ಲಿ ಲಿವರ್ ರೈಫಲ್‌ಗಳು ಬೇಕಾದಷ್ಟಿವೆ. ವಿಂಚೆಸ್ಟರ್ 71 ಇದೆ, .348 ತೋಟಾದ್ದು. 1978ರಲ್ಲಿ ಬಂದ .375 ವಿಂಚೆಸ್ಟರ್ ಇದೆ. .358 ವಿಂಚೆಸ್ಟರ್ ತೋಟಾ ಬಳಸುವ ಸ್ಯಾವೇಜ್ 99, ಬ್ರೌನಿಂಗ್ ಬಿಎಲ್ಆರ್ ಇವೆ. ಆದರೆ ಹೊಸಬರಿಗೆ ನಾನು ಹೇಳುವುದು .35 ರೆಮಿಂಗ್ಟನ್ ತೋಟಾದ ಮಾರ್ಲಿನ್ 336.

ಮಾರ್ಲಿನ್ 336 ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಖಾಲಿ ಕೇಸು (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಚಿಪ್ಪು) ಬದಿಯಿಂದ ಹಾರುತ್ತದೆ, ಹಾಗಾಗಿ ಮೇಲೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸುವುದು ಸುಲಭ. ಹಳೆಯ ವಿಂಚೆಸ್ಟರ್ 94ರಲ್ಲಿ ಕೇಸು ನೇರ ಮೇಲಕ್ಕೆ ಹಾರಿ ಸ್ಕೋಪಿಗೆ ಬಡಿಯುತ್ತದೆ. ಇನ್ನೊಂದು ಅನುಕೂಲವೂ ಇದೆ. ಮಾರ್ಲಿನ್‌ನಲ್ಲಿ ಒಂದೇ ಸ್ಕ್ರೂ ಬಿಚ್ಚಿದರೆ ಲಿವರ್ ಕಳಚುತ್ತದೆ, ಹಿಂದೆಯೇ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹೊರಗೆ ಬರುತ್ತದೆ. ನಳಿಗೆಯನ್ನು ಹಿಂದಿನಿಂದ ಒರೆಸಬಹುದು. ಬಾಯಿಯ ಕಡೆಯಿಂದ ರಾಡ್ ತೂರಿಸಿ ವರ್ಷಗಟ್ಟಲೆ ಉಜ್ಜಿದ ರೈಫಲ್‌ಗಳ ನಳಿಗೆ ಬಾಯಿ ಸವೆದಿರುತ್ತದೆ, ಗುರಿ ಚದುರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟಾರ್ಚ್ ಹಿಡಿದು ಆ ಬಾಯಿಯನ್ನೇ ಮೊದಲು ನೋಡಿ. ಮರದ ಹೊಳಪು, ಕೆತ್ತನೆ ಎಲ್ಲ ಆಮೇಲೆ.

.35 ರೆಮಿಂಗ್ಟನ್ 1906ರ ತೋಟಾ. 200 ಗ್ರೇನ್, ಅಂದರೆ ಹತ್ತಿರಹತ್ತಿರ 13 ಗ್ರಾಂ ತೂಕದ ಗುಂಡು ಸೆಕೆಂಡಿಗೆ 2080 ಅಡಿ ವೇಗದಲ್ಲಿ ಹೊರಡುತ್ತದೆ. 200 ಗಜ ತಲುಪುವಷ್ಟರಲ್ಲಿ ವೇಗ 1400 ಅಡಿಗಿಂತ ಕೆಳಗೆ ಇಳಿದಿರುತ್ತದೆ. ಬಯಲಿಗೆ ಹೇಳಿದ್ದಲ್ಲ ಇದು. ಪೆನ್ಸಿಲ್ವೇನಿಯಾದ ದಟ್ಟ ಕಾಡಿನಲ್ಲಿ ಜಿಂಕೆ ಕಾಣುವುದೇ 50, 80 ಗಜದಲ್ಲಿ. ಅಲ್ಲಿಗೆ ಇದು ಧಾರಾಳವಾಗಿ ಸಾಕು.

ಹಾಗಾದರೆ ಮನೆಯಲ್ಲಿ ತುಂಬುವುದು ಯಾಕೆ? ಲಿವರ್ ರೈಫಲ್‌ಗಳ ಇನ್ನೊಂದು ತೋಟಾ .30-30 ಸಿಗುವಷ್ಟು ಸುಲಭವಾಗಿ .35 ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಕಾರಣ ಇಷ್ಟೇ. ವೇಗ ಜಾಸ್ತಿ ಮಾಡೋಣ ಎಂಬ ಆಸೆಯಿಂದ ಈ ಕೆಲಸಕ್ಕೆ ಇಳಿಯುವವರು ಬೇರೆ ರೈಫಲ್ ಕೊಳ್ಳುವುದು ವಾಸಿ. ಒಂದು ಅಂಕಿ ನೋಡಿ: .308 ವಿಂಚೆಸ್ಟರ್ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. .30-30ಕ್ಕೆ 42,000. .35 ರೆಮಿಂಗ್ಟನ್‌ಗೆ ಬರೀ 33,500. ಇದು ಮೆತ್ತನೆಯ ತೋಟಾ, ಹಾಗೇ ಇರಲಿ.

ಗುಂಡಿನ ಮೂತಿ

ಲಿವರ್ ರೈಫಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಮಾರ್ಲಿನ್ 336ರಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಬುಡದಲ್ಲಿರುವ, ಪಿನ್ ಬಡಿದರೆ ಹೊತ್ತಿಕೊಳ್ಳುವ ಪ್ರೈಮರ್‌ಗೆ ಒತ್ತಿಕೊಂಡಿರುತ್ತದೆ. ಈಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಇಡೀ ಸಾಲು ಗುದ್ದಾಡುತ್ತದೆ. ಚೂಪು ಮೂತಿಯ ಗುಂಡಿದ್ದರೆ ಅದೇ ಪಿನ್ನಿನಂತೆ ಕೆಲಸ ಮಾಡಿ, ಕೊಳವೆಯೊಳಗೇ ತೋಟಾ ಸಿಡಿಯಬಹುದು. ನಿಮ್ಮ ಎಡಗೈ ಇರುವುದು ಅದರ ಕೆಳಗೇ. ಹಾಗಾಗಿ ಚಪ್ಪಟೆ ಮೂತಿ ಅಥವಾ ಮೊಂಡು ದುಂಡು ಮೂತಿಯ ಗುಂಡು ಮಾತ್ರ. ಹಾರ್ನಡಿ ಕಂಪನಿಯ ಎಫ್‌ಟಿಎಕ್ಸ್ ಗುಂಡಿಗೆ ಚೂಪು ತುದಿ ಇದ್ದರೂ ಆ ತುದಿ ಒತ್ತಿದರೆ ಬಗ್ಗುವ ರಬ್ಬರಿನಂಥದ್ದು. ಕೊಳವೆಗೆಂದೇ ಮಾಡಿದ್ದು, ಹಾಕಬಹುದು.

ಬಾಕ್ಸ್ ಮ್ಯಾಗಜೀನ್ (ತೋಟಾ ಇಡುವ ಪೆಟ್ಟಿಗೆ) ಇರುವ ಬಿಎಲ್ಆರ್, ಸುತ್ತುವ ಮ್ಯಾಗಜೀನ್ ಇರುವ ಹಳೆಯ ಸ್ಯಾವೇಜ್ 99 ಇವುಗಳಿಗೆ ಈ ಕಾಟವಿಲ್ಲ, ಚೂಪು ಗುಂಡೂ ಆಗುತ್ತದೆ.

.357 ಪಿಸ್ತೂಲಿನ 158 ಗ್ರೇನ್ ಗುಂಡುಗಳು ಅಗ್ಗ. ತೋಟಾ ತುಂಬುವ ಕೈಪಿಡಿಯಲ್ಲಿ ಲೆಕ್ಕ ಇದ್ದರೆ ಈ ನಳಿಗೆಯಲ್ಲಿ ಅಭ್ಯಾಸಕ್ಕೆ ಬಳಸಬಹುದು. ಜಿಂಕೆಗೆ ಬೇಡ. ರೈಫಲ್ ವೇಗದಲ್ಲಿ ಅವು ಚರ್ಮದಡಿಯಲ್ಲೇ ಒಡೆದು ಪ್ರಾಣಿ ನರಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಇನ್ನೊಂದು ನೆನಪಿರಲಿ: 2019ರ ಜುಲೈನಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧ. ತಾಮ್ರದಂಥ ಸೀಸವಿಲ್ಲದ ಗುಂಡೇ ಬೇಕು.

ಈಗ ಮೇಜಿನ ಕೆಲಸ

ಪ್ರೆಸ್, .35 ರೆಮಿಂಗ್ಟನ್ ಡೈ ಸೆಟ್ (ಕೇಸನ್ನು ಅಳತೆಗೆ ಒತ್ತುವ, ಗುಂಡು ಕೂರಿಸುವ ಅಚ್ಚುಗಳು), ಮದ್ದು ತೂಗುವ ತಕ್ಕಡಿ, ಕ್ಯಾಲಿಪರ್, ಟ್ರಿಮ್ಮರ್, ಕನ್ನಡಕ. ಜೊತೆಗೆ ಇತ್ತೀಚಿನ ಒಂದು ಒಳ್ಳೆಯ ಕೈಪಿಡಿ. ಲೈಮನ್, ಹಾರ್ನಡಿ, ಸ್ಪೀರ್ ಯಾವುದಾದರೂ ಸರಿ. ಎಷ್ಟು ಮದ್ದು ಎಂಬ ಅಂಕಿಯನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಪತ್ರಿಕೆ ನೋಡಿ ಮದ್ದು ತೂಗಬಾರದು, ಗೆಳೆಯನ ಬಾಯಿಮಾತಿನ ಮೇಲಂತೂ ತೂಗಲೇಬಾರದು.

ಕೇಸು ನೋಡುವುದು ಮೊದಲು. ಬಳಸಿದ ಹಿತ್ತಾಳೆ ಕೇಸನ್ನು ತೊಳೆದು ಒಣಗಿಸಿ. ಮಾರ್ಲಿನ್‌ನಂಥ ಲಿವರ್ ರೈಫಲ್‌ಗಳಲ್ಲಿ ಬೋಲ್ಟ್ ಹಿಂಭಾಗದಲ್ಲಿ ಲಾಕ್ ಆಗುವುದರಿಂದ ಒತ್ತಡಕ್ಕೆ ಒಂದಿಷ್ಟು ಬಾಗುತ್ತದೆ, ಕೇಸು ಹಿಗ್ಗುತ್ತದೆ. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಎಸೆಯಿರಿ. ಅನುಮಾನವಿದ್ದರೆ ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೋಡೆಯ ಮೇಲೆ ಎಳೆಯಿರಿ. ತಗ್ಗಿನಲ್ಲಿ ಸಿಕ್ಕಿಕೊಂಡರೆ ಆ ಕೇಸು ಮುಂದಿನ ಈಡಿಗೆ ಎರಡು ತುಂಡಾಗಬಹುದು.

ಆಮೇಲೆ ಅಳತೆಗೆ ತರುವುದು. ಬೋಲ್ಟ್ ಆಕ್ಷನ್ (ಹಿಡಿಕೆಯಿಂದ ಬೋಲ್ಟ್ ಹಿಂದೆಮುಂದೆ ಎಳೆಯುವ) ರೈಫಲ್‌ನವರು ಕೆಲವರು ಕೇಸಿನ ಕತ್ತನ್ನಷ್ಟೇ ಒತ್ತಿ ಮುಗಿಸುತ್ತಾರೆ. ಬಿಗಿಯಾದರೆ ಬೋಲ್ಟಿನ ಬಲದಿಂದ ಒಳಗೆ ತಳ್ಳಬಹುದು. ಲಿವರ್‌ಗೆ ಆ ಬಲವಿಲ್ಲ. ಇಡೀ ಕೇಸನ್ನು ಒತ್ತುವ ಫುಲ್ ಲೆಂತ್ ಡೈ ಬೇಕು, ಕೇಸಿಗೆ ಲೂಬ್ರಿಕೆಂಟ್ ಹಚ್ಚಿಯೇ ಒತ್ತಬೇಕು. ಆದರೆ .35 ರೆಮಿಂಗ್ಟನ್‌ದು ಒಂದು ತರಲೆ ಇದೆ. ಇದರ ಭುಜ, ಅಂದರೆ ಕೇಸು ಕತ್ತಿನ ಕಡೆಗೆ ಕಿರಿದಾಗುವ ಇಳಿಜಾರು, ತೀರಾ ಸಣ್ಣದು, ಬುಡದಲ್ಲಿ ಚಾಚಿದ ಅಂಚೂ ಇಲ್ಲ. ತೋಟಾ ನಳಿಗೆಯೊಳಗೆ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದೇ ಆ ಸಣ್ಣ ಭುಜ. ಡೈಯನ್ನು ಪೂರ್ತಿ ಕೆಳಗೆ ತಿರುಗಿಸಿ ಭುಜವನ್ನು ಹಿಂದಕ್ಕೆ ತಳ್ಳಿಬಿಟ್ಟರೆ ತೋಟಾ ಒಳಗೆ ಸಡಿಲವಾಗಿ ಕೂರುತ್ತದೆ. ಪಿನ್ ಬಡಿದರೂ ಈಡು ಹಾರದೆ ಹೋಗಬಹುದು, ಹಾರಿದರೆ ಕೇಸು ಇನ್ನೂ ಹಿಗ್ಗುತ್ತದೆ. ಹಾಗಾಗಿ ಡೈಯನ್ನು ಸ್ವಲ್ಪಸ್ವಲ್ಪವೇ ಇಳಿಸಿ. ಒತ್ತಿದ ಖಾಲಿ ಕೇಸನ್ನು ನಿಮ್ಮ ರೈಫಲ್‌ಗೇ ಹಾಕಿ ನೋಡಿ. ಲಿವರ್ ತಡೆಯಿಲ್ಲದೆ ಪೂರ್ತಿ ಮುಚ್ಚಿಕೊಂಡ ತಕ್ಷಣ ಡೈಯನ್ನು ಅಲ್ಲಿಗೇ ಬಿಗಿ ಮಾಡಿ. ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಕೇಸಿನ ಉದ್ದ 1.920 ಇಂಚು ಮೀರಬಾರದು. ಎಲ್ಲವನ್ನೂ 1.910ಕ್ಕೆ ಕತ್ತರಿಸಿ, ಬಾಯಿಯ ಅಂಚು ನಯ ಮಾಡಿ.

ಪ್ರೈಮರ್ ಕೂರಿಸಿದ ಮೇಲೆ ಬೆರಳಾಡಿಸಿ ನೋಡಿ. ಕೇಸಿನ ಬುಡಕ್ಕಿಂತ ಕೂದಲೆಳೆಯಷ್ಟಾದರೂ ತಗ್ಗಿನಲ್ಲಿರಬೇಕು. ಎದ್ದು ನಿಂತ ಪ್ರೈಮರ್, ಹಿಂದೆ ಒತ್ತುವ ಗುಂಡು, ಈ ಜೋಡಿ ಕೊಳವೆಯಲ್ಲಿ ಬೇಡ.

ಮದ್ದಿಗೆ ಬಂದರೆ, ಈ ತೋಟಾಕ್ಕೆ ಐಎಂಆರ್ 3031, ಎಚ್4895, ಹಾಜ್‌ಡನ್ ಕಂಪನಿಯ ಲೆವರೆವಲ್ಯೂಷನ್ ಇವು ಬಳಕೆಯಲ್ಲಿವೆ. ಎಚ್4895, ಐಎಂಆರ್ 4895 ಎರಡೂ ಒಂದೇ ಅಲ್ಲ. ಹೆಸರು ನೋಡಿ ಮೋಸ ಹೋಗಬೇಡಿ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬ. ಕೈಪಿಡಿ ಕೊಟ್ಟ ಆರಂಭದ ಅಳತೆಯಿಂದಲೇ ಶುರು ಮಾಡಿ, ಗರಿಷ್ಠದಿಂದ ಅಲ್ಲ. ಮದ್ದು ಹಾಕಿದ ಕೇಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ದೀಪ ಹಿಡಿದು ಒಳಗೆ ಇಣುಕಿ. ಎಲ್ಲದರಲ್ಲೂ ಮಟ್ಟ ಒಂದೇ ಸಮ ಇರಬೇಕು. ಈ ಹೊತ್ತಿನಲ್ಲಿ ಫೋನ್, ಟಿವಿ, ಬಿಯರ್ ಯಾವುದೂ ಬೇಡ.

ಕೊನೆಗೆ ಗುಂಡು ಕೂರಿಸಿ ಕ್ರಿಂಪ್ ಮಾಡುವುದು. ಗುಂಡಿನ ಸೊಂಟದ ಸುತ್ತ ಕೊರೆದ ಗೀರು ಇರುತ್ತದೆ. ಕೇಸಿನ ಬಾಯಿಯನ್ನು ಆ ಗೀರಿನೊಳಕ್ಕೆ ಮಡಚಬೇಕು. ಇದೇ ಕ್ರಿಂಪ್. ಇಲ್ಲದಿದ್ದರೆ ಕೊಳವೆಯ ಸ್ಪ್ರಿಂಗ್ ಒತ್ತಡಕ್ಕೆ, ಒದೆತಕ್ಕೆ ಗುಂಡು ಕೇಸಿನೊಳಗೆ ಜಾರಿ ಒತ್ತಡ ಏರುತ್ತದೆ. ಕೇಸುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿದ್ದು ಇದಕ್ಕೇ. ಉದ್ದ ಹೆಚ್ಚುಕಡಿಮೆಯಾದರೆ ಒಂದರಲ್ಲಿ ಕ್ರಿಂಪ್ ಸಡಿಲ, ಇನ್ನೊಂದರಲ್ಲಿ ಭುಜವೇ ಉಬ್ಬಿಕೊಳ್ಳುತ್ತದೆ. ತೋಟಾದ ಒಟ್ಟು ಉದ್ದ 2.525 ಇಂಚು ದಾಟದಿರಲಿ. ದಾಟಿದರೆ ಲಿವರ್ ಎಳೆದಾಗ ಮಧ್ಯದಲ್ಲೇ ಸಿಕ್ಕಿಕೊಳ್ಳಬಹುದು.

ರೇಂಜಿನಲ್ಲಿ

ಮೊದಲ ಸಲ ಪ್ರತಿ ಅಳತೆಗೆ ನಾಲ್ಕೈದು ತೋಟಾ ಮಾತ್ರ ಮಾಡಿ. ಈಡಿನ ನಂತರ ಲಿವರ್ ಬಿಗಿಯಾಗಿ ತೆರೆದರೆ ಅಥವಾ ಪ್ರೈಮರ್ ಚಪ್ಪಟೆಯಾಗಿ ಹರಡಿದ್ದರೆ ಅಲ್ಲಿಗೇ ನಿಲ್ಲಿಸಿ. ಈ ಮೆತ್ತನೆಯ ತೋಟಾದಲ್ಲಿ ಅಂಥ ಲಕ್ಷಣ ಕಾಣುವಷ್ಟರಲ್ಲಿ ಮಿತಿ ಎಂದೋ ದಾಟಿರುತ್ತೀರಿ. ಲಕ್ಷಣ ಕಾಣಲಿಲ್ಲ ಎಂದು ಕೈಪಿಡಿಯ ಗರಿಷ್ಠ ಮೀರಬೇಡಿ.

ದುಂಡು ಮೂತಿಯ ಗುಂಡಿಗೆ ಗುರಿಯನ್ನು 100 ಗಜಕ್ಕೆ ಹೊಂದಿಸಿದರೆ 200 ಗಜದಲ್ಲಿ ಹತ್ತಿರಹತ್ತಿರ ಒಂದು ಅಡಿ ಕೆಳಗೆ ಬೀಳುತ್ತದೆ. ಹಾಗಾಗಿ 150 ಗಜದ ಆಚೆ ಜಿಂಕೆ ನಿಂತಿದ್ದರೆ ಬಿಟ್ಟುಬಿಡಿ. ಕೊಳವೆಗೆ ಪೂರ್ತಿ ತೋಟಾ ತುಂಬಿ, ಲಿವರ್ ಆಡಿಸಿ, ಎಲ್ಲವೂ ಸಲೀಸಾಗಿ ಮೇಲೆ ಬರುತ್ತವೆಯೇ ಎಂಬುದನ್ನೂ ರೇಂಜಿನಲ್ಲೇ, ನಳಿಗೆಯನ್ನು ಗುರಿದಿಬ್ಬದ ಕಡೆಗಿಟ್ಟು ನೋಡಿಕೊಳ್ಳಿ.

ಡಬ್ಬದ ಮೇಲೆ ಮದ್ದಿನ ಹೆಸರು, ತೂಕ, ಗುಂಡು, ಪ್ರೈಮರ್, ತಾರೀಕು ಬರೆದು ಅಂಟಿಸಿ. ಸೀಸ, ಪ್ರೈಮರ್ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪಿನಲ್ಲಿ ತೊಳೆಯಿರಿ. ನಿಮ್ಮ ಬಳಕೆಗೆ ತೋಟಾ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ಮಾರಲು ಮಾಡುವುದಾದರೆ ತಯಾರಕರ ಲೈಸೆನ್ಸ್ ಬೇಕೇ ಬೇಕು.